ಮಾಸ್ಕ್ ತೆಗೆಸಿದ ಸನ್ಮಾನ

ನಾನು ನಿಂತಿದ್ದದ್ದು ಆಸ್ಪತ್ರೆಯ ಪೋರ್ಟಿಕೋದಲ್ಲಿ, ಎಡಗಡೆಯ ಎರಡನೆಯ ಕಂಬದ ಪಕ್ಕ, ವೇದಿಕೆಯಿಂದ ನಾಲ್ಕು ಮಾರು ದೂರದಲ್ಲಿ. ಕೋವಿಡ್ ಗಲಾಟೆ ಅಡಗಿದ ಮೇಲಿನ ಎರಡನೆಯ ಬೇಸಿಗೆ. ಶುಕ್ರವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಕೈಯಲ್ಲಿ ಖಾಲಿ ಗಾಲಿಕುರ್ಚಿಯ ಹಿಡಿ ಇತ್ತು. ಆ ಕುರ್ಚಿಯಿಂದ ಎದ್ದು ವೇದಿಕೆ ಹತ್ತಿದ್ದವರು ಗೊಟ್ಟಿಗೆರೆಯ ಮುನಿರಾಜು. ಅವರ ಎದೆಯಲ್ಲಿ ಬೇರೊಬ್ಬರ ಹೃದಯ ಬಡಿಯಲು ತೊಡಗಿ ಐದನೆಯ ವಾರ ನಡೆಯುತ್ತಿತ್ತು. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ, "ಸಾರ್, ಮಾಸ್ಕ್ ತೆಗೀರಿ, ಮುಖಾನೇ ಕಾಣ್ತಿಲ್ಲ" ಅಂದ. ಮುನಿರಾಜು ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಅವರ ಪಕ್ಕದಲ್ಲಿದ್ದ ಮಾರ್ಕೆಟಿಂಗ್ ವಿಭಾಗದ ಕಿರಣ್ ನಗುನಗುತ್ತಲೇ ಕೈಚಾಚಿ, ಕಿವಿಯ ಹಿಂದಿನ ದಾರ ಬಿಡಿಸಿ, ಮಾಸ್ಕನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

ಇಷ್ಟನ್ನು ನಾನು ಕಣ್ಣಾರೆ ಕಂಡೆ. ಮುಂದೆ ಬರೆಯುವುದರಲ್ಲಿ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂದು ಬೇರೆ ಬೇರೆಯಾಗಿಯೇ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ.

ನಾನು ಹೃದಯ ಕಸಿ ವಾರ್ಡಿನಲ್ಲಿ ಉಸ್ತುವಾರಿ ನರ್ಸಾಗಿದ್ದು ನಿವೃತ್ತನಾದವನು. ಗಂಡು ನರ್ಸನ್ನು ನಮ್ಮ ಕಡೆ ಎಲ್ಲರೂ 'ಬ್ರದರ್' ಅನ್ನುತ್ತಾರೆ. ನನ್ನ ಹೆಸರು ಗೊತ್ತಿಲ್ಲದೆ ಗುಣವಾಗಿ ಹೋದವರೇ ಹೆಚ್ಚು. ಜೆ.ಪಿ. ನಗರದ ಅಂಚಿನಲ್ಲಿದ್ದ ಆ ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, ಇದು ಅವರೊಬ್ಬರ ಕಥೆ ಎಂದು ಉಳಿದವರೆಲ್ಲ ಹಗುರಾಗಿಬಿಡುತ್ತಾರೆ. ಅವರು ಹಗುರಾಗುವುದು ನನಗೆ ಬೇಕಿಲ್ಲ.

ಇಂಥ ವಾರ್ಡಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲು ಒಂದು ವಿಷಯ ತಿಳಿದಿರಬೇಕು. ಆಪರೇಷನ್ ಮುಗಿದರೆ ಅರ್ಧ ಕೆಲಸವೂ ಮುಗಿದಿರುವುದಿಲ್ಲ. ದೇಹಕ್ಕೆ ಹೊಸ ಹೃದಯ ಪರಕೀಯ ವಸ್ತು, ಅದನ್ನು ನಾಶಮಾಡಲು ನೋಡುತ್ತದೆ. ಹಾಗಾಗದಿರಲಿ ಎಂದು ನಾವು ಮಾತ್ರೆಗಳಿಂದ ದೇಹದ ಕಾವಲನ್ನು ಕುಗ್ಗಿಸುತ್ತೇವೆ. ಕಾವಲು ಕುಗ್ಗಿದ ಮೇಲೆ ಯಾವ ಕ್ರಿಮಿಗೂ ತಡೆಯಿಲ್ಲ. ಮಾತ್ರೆ ಹೆಚ್ಚಾದರೆ ಸೋಂಕು, ಕಡಿಮೆಯಾದರೆ ದೇಹ ಹೃದಯವನ್ನೇ ತಿರಸ್ಕರಿಸುತ್ತದೆ. ಮೊದಲ ತಿಂಗಳುಗಳಲ್ಲಿ ಮಾತ್ರೆಯ ಪ್ರಮಾಣ ಅತಿ ಹೆಚ್ಚು. ಅಂದರೆ ಮನುಷ್ಯ ನೋಡಲು ಚೆನ್ನಾಗಿ ಕಾಣತೊಡಗುವ ಹೊತ್ತಿನಲ್ಲೇ ಅವನು ಅತ್ಯಂತ ಅಸಹಾಯಕನಾಗಿರುತ್ತಾನೆ. ಮುನಿರಾಜು ಅವರ ವಿಷಯದಲ್ಲಿ ನಡೆದದ್ದೆಲ್ಲ ಈ ಮಾತನ್ನು ಮರೆತದ್ದರಿಂದ ನಡೆದದ್ದು. ಮರೆತವರು ಕಲಿಯದವರಲ್ಲ.

ರೋಗಿಯೇ "ಚೆನ್ನಾಗಿದ್ದೀನಿ" ಅಂದರೂ ನಂಬುವಂತಿಲ್ಲ. ಜಯನಗರದ ನಿವೃತ್ತ ಶಿಕ್ಷಕಿ ಸಾವಿತ್ರಮ್ಮ ಎಂಬುವರು ಬಯಾಪ್ಸಿಗೆ ಬಂದಿದ್ದರು. ಕುತ್ತಿಗೆಯ ರಕ್ತನಾಳದಿಂದ ತಂತಿಯಂಥ ಉಪಕರಣ ಇಳಿಸಿ ಹೃದಯದ ಒಳಗೋಡೆಯಿಂದ ಸಣ್ಣ ಚೂರು ತೆಗೆಯುವ ಪರೀಕ್ಷೆ ಅದು. ಕೈಯಲ್ಲಿ ನಮಗೆಲ್ಲ ಕೋಡುಬಳೆ ತಂದಿದ್ದರು. "ಪಾರ್ಕಲ್ಲಿ ಎರಡು ಸುತ್ತು ಹಾಕ್ಕೊಂಡೇ ಬಂದೆ ಕಣಯ್ಯ. ನನಗೇನಾಗಿದೆ ಅಂತ ಪದೇ ಪದೇ ಕುತ್ತಿಗೆಗೆ ಚುಚ್ಚುತೀರಿ?" ಎಂದು ನನ್ನನ್ನು ಗದರಿಸಿದರು. ಆ ಚೂರಿನಲ್ಲಿ ತಿರಸ್ಕಾರದ ಲಕ್ಷಣ ಸ್ಪಷ್ಟವಾಗಿತ್ತು. ಕಸಿ ಮಾಡುವಾಗ ಹೃದಯದ ನರಗಳು ಕಡಿದುಹೋಗಿರುತ್ತವೆ. ಒಳಗೆ ಏನೇ ಆದರೂ ನೋವಿನ ಸುದ್ದಿ ಹೊರಗೆ ಬರುವುದಿಲ್ಲ. ಅವರನ್ನು ಆವತ್ತೇ ಸೇರಿಸಿಕೊಂಡು ಔಷಧಿ ಏರಿಸಿದೆವು. ಕೋಡುಬಳೆಯನ್ನು ನಾವು ತಿಂದೆವು, ಅವರಿಗೆ ಕೊಡಲಿಲ್ಲ. ಅದಕ್ಕೂ ಬೈಸಿಕೊಂಡೆವು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಮೇಟ್ರನ್ ಆಗಿದ್ದವರು ಗ್ರೇಸ್ ಸಿಸ್ಟರ್. ಒಮ್ಮೆ ಆಡಳಿತ ಮಂಡಳಿಯವರೊಬ್ಬರ ಹೆಂಡತಿ ಹೂಗುಚ್ಛ ಹಿಡಿದು ವಾರ್ಡಿಗೆ ಬಂದರು. ಹೂವಿನ ನೀರಿನಲ್ಲಿ, ಎಲೆಗೆ ಅಂಟಿದ ಮಣ್ಣಿನಲ್ಲಿ ಏನೇನಿರುತ್ತದೆ ಎಂದು ಗ್ರೇಸ್ ಸಿಸ್ಟರಿಗೆ ಗೊತ್ತಿತ್ತು. ಬಾಗಿಲಲ್ಲೇ ಅದನ್ನು ಇಸಿದುಕೊಂಡು ಹೊರಗಿನ ಬಕೆಟ್ಟಿಗೆ ಹಾಕಿ, "ಹೂವು ನಿಮ್ಮದು ಮೇಡಂ, ವಾರ್ಡು ನನ್ನದು" ಅಂದರು. ಅವರ ಕೆಲಸ ಹೋಗಲಿಲ್ಲ. ಆಗ ವಾರ್ಡಿನ ವಿಷಯದಲ್ಲಿ ಕೊನೆಯ ಮಾತು ವಾರ್ಡಿನವರದೇ ಆಗಿತ್ತು.

ಆಮೇಲೆ ವಿಧಾನಗಳು ಬದಲಾದವು. ಮೊದಲು ಕಸಿಯಾದವರಿಗೆ ಎರಡು ಬಾಗಿಲಿನ ಪ್ರತ್ಯೇಕ ಕೋಣೆ, ಒಳಗೆ ಹೋಗುವವರಿಗೆಲ್ಲ ಗೌನು, ಟೋಪಿ, ಬೇರೆ ಚಪ್ಪಲಿ. ಒಂಟಿತನಕ್ಕೇ ಮಂಕಾಗಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದವರನ್ನು ನೋಡಿದ್ದೇನೆ. ಅಷ್ಟೆಲ್ಲ ಬೇಕಿಲ್ಲ, ಕೈ ತೊಳೆದು ಮಾಸ್ಕ್ ಹಾಕಿ ಮನೆಯವರೊಬ್ಬರು ಬರಬಹುದು ಎಂದಾಯಿತು. ಅದು ಒಳ್ಳೆಯ ಬದಲಾವಣೆಯೇ. ಆದರೆ ಹೆಂಡತಿಯೊಬ್ಬಳಿಗೆಂದು ಬಾಗಿಲು ತೆರೆದದ್ದನ್ನೇ ಹಿಡಿದುಕೊಂಡು, ನೂರಿಪ್ಪತ್ತು ಜನರ ಮಧ್ಯೆ ರೋಗಿಯನ್ನು ಕೂರಿಸಬಹುದು ಎಂದು ವಾದಿಸುವವರು ಬರುತ್ತಾರೆಂದು ನನಗೆ ಹೊಳೆದಿರಲಿಲ್ಲ.

ಮುನಿರಾಜು ಹಳೆಯ ಗೊಟ್ಟಿಗೆರೆಯ ಮನೆತನದವರು. ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇವರ ಬಾಡಿಗೆ ಮನೆಗಳೂ ನೀರಿನ ಟ್ಯಾಂಕರ್ ನಿಲ್ಲಿಸುವ ಶೆಡ್ಡೂ ಇವೆ. ಹೃದಯದ ಸ್ನಾಯು ಸೋತು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುವ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬಂದರು. ತಿಂಗಳುಗಟ್ಟಲೆ ಕಾದ ಮೇಲೆ ಹೃದಯ ಸಿಕ್ಕಿತು. ಯಾರದೆಂದು ಅವರಿಗೆ ಹೇಳುವ ಹಾಗಿಲ್ಲ, ನಾನೂ ಇಲ್ಲಿ ಹೇಳುವುದಿಲ್ಲ.

ಗಂಟಲ ಕೊಳವೆ ತೆಗೆದ ಮಾರನೆಯ ದಿನ ಅವರು ಮಾನಿಟರ್ ಕಡೆ ನೋಡುತ್ತಾ, "ಬ್ರದರ್, ಇದು ನಂದಕ್ಕಿಂತ ಜೋರಾಗಿ ಓಡ್ತಾ ಐತೆ. ಒಸಿ ಸ್ಲೋ ಮಾಡಕ್ಕಾಗಲ್ವಾ?" ಎಂದು ಕೇಳಿದರು.

"ಹೊಸ ಡ್ರೈವರು ಮುನಿರಾಜಣ್ಣ. ನಿಮ್ಮ ಬ್ರೇಕ್ ಇನ್ನೂ ಅವನಿಗೆ ಸಿಕ್ಕಿಲ್ಲ."

"ನಮ್ಮ ಟ್ಯಾಂಕರ್ ಹುಡುಗ್ರೂ ಹಂಗೇ ಬಿಡಿ" ಅಂದರು. ನಗಲು ಹೋಗಿ ಎದೆಯ ಹೊಲಿಗೆ ನೊಂದು ದಿಂಬನ್ನು ಅಪ್ಪಿಕೊಂಡರು.

ಅವರ ಹೆಂಡತಿ ರತ್ನಮ್ಮ ಹೇಳಿಕೊಟ್ಟದ್ದನ್ನೆಲ್ಲ ಕಲಿತರು. ಮಾತ್ರೆಗಳ ವೇಳೆ, ಕುದಿಸಿದ ನೀರು, ಕೈ ತೊಳೆಯುವ ರೀತಿ. ಗಂಡ ಮನೆಗೆ ಬರುವ ಮೊದಲೇ ವರಾಂಡದ ಹೂಕುಂಡಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದರು. ಒಂದು ದಿನ ಸಂಕೋಚದಿಂದ ಕೇಳಿದರು, "ಬ್ರದರ್, ದೇವಸ್ಥಾನದ ತೀರ್ಥ ಒಂದೇ ಒಂದು ಉದ್ಧರಣೆ ಕೊಡಬಹುದಾ?"

"ಬೇಡಮ್ಮ."

"ದೇವರಿಗೆ ಬೇಜಾರಾಗಲ್ವಾ?"

"ದೇವರಿಗೆ ಆಗಲ್ಲ. ನಮ್ಮ ಶೈಲಜಾ ಮೇಡಂಗೆ ಆಗತ್ತೆ."

ಡಾಕ್ಟರ್ ಶೈಲಜಾ ಕಸಿಯಾದವರ ಔಷಧಿ ಮತ್ತು ಸೋಂಕಿನ ಹೊಣೆ ಹೊತ್ತವರು. ರತ್ನಮ್ಮ ತೀರ್ಥದ ಬಾಟಲಿಯನ್ನು ಹಾಗೇ ವಾಪಸು ತೆಗೆದುಕೊಂಡು ಹೋದರು. ದೇವರ ತೀರ್ಥವನ್ನೂ ವಾಪಸು ಒಯ್ದ ಆ ಹೆಂಗಸಿನ ಮುಂದೆಯೇ ಆಸ್ಪತ್ರೆ ಮಾಡಿದ್ದೇನು ಎಂದು ಈಗ ಹೇಳುತ್ತೇನೆ.

ಡಿಸ್ಚಾರ್ಜ್ ಗೊತ್ತಾದ ವಾರ ಕಿರಣ್ ನಮ್ಮ ನರ್ಸಿಂಗ್ ಸ್ಟೇಷನ್ನಿಗೆ ಬಂದ. ಈ ಮಾತುಕತೆ ನಡೆದಾಗ ನಾನು ಅಲ್ಲೇ ಇದ್ದೆ.

"ಮೇಡಂ, ಶುಕ್ರವಾರ ಹೋಗ್ತಾರಲ್ಲ, ಸಣ್ಣದೊಂದು ಫಂಕ್ಷನ್ ಇಟ್ಕೊಂಡಿದೀವಿ. ಶಾಲು, ಪೇಟ, ಹಾರ. ಟಿವಿಯವರೂ ಬರ್ತಾರೆ."

"ಬೇಡ ಕಿರಣ್" ಎಂದರು ಶೈಲಜಾ ಮೇಡಂ. "ಕೆಲವು ತಿಂಗಳು ಕಳೀಲಿ, ಆಮೇಲೆ ಮಾಡ್ಕೊಳ್ಳಿ. ಈಗ ಬೇಕಿದ್ರೆ ರೂಮಲ್ಲೇ ಮಾಸ್ಕ್ ಹಾಕಿರೋ ಒಂದು ಫೋಟೋ ತಗೊಳ್ಳಿ."

"ರೂಮಲ್ಲಿ ಲೈಟ್ ಚೆನ್ನಾಗಿಲ್ಲ ಮೇಡಂ. ಮತ್ತೆ ಅಷ್ಟು ದಿನ ಆದ್ಮೇಲೆ ಯಾರಿಗಿರುತ್ತೆ ಇಂಟರೆಸ್ಟು?"

"ಮುನಿರಾಜು ಅವರಿಗೆ ಇರುತ್ತಪ್ಪ. ಬದುಕೋದ್ರಲ್ಲಿ."

ಕಿರಣ್ ನೇರವಾಗಿ ಮುಖ್ಯ ಸರ್ಜನ್ ಹತ್ತಿರ ಹೋದ. ಅಲ್ಲಿ ಏನು ಮಾತಾಯಿತೋ ನಾನು ಕೇಳಿಲ್ಲ. ಮಧ್ಯಾಹ್ನ ಕಾರಿಡಾರಿನಲ್ಲಿ ಸರ್ಜನ್ ಶೈಲಜಾ ಮೇಡಂಗೆ ಹೇಳಿದ್ದನ್ನು ಮಾತ್ರ ಕೇಳಿದೆ. "ಹತ್ತು ನಿಮಿಷ, ಹೊರಗಿನ ಗಾಳಿ, ಮಾಸ್ಕ್ ಇರುತ್ತೆ. ಜನ ನೋಡಬೇಕಮ್ಮ. ನೋಡಿದ್ರೆ ತಾನೇ ನಾಳೆ ಇನ್ನೊಂದು ಮನೆಯವರು ದಾನಕ್ಕೆ ಒಪ್ಪೋದು?"

ಆ ಮಾತು ಸುಳ್ಳಲ್ಲ. ಅವರು ದೊಡ್ಡ ಕೈಚಳಕದ ಮನುಷ್ಯ, ಮುನಿರಾಜು ಅವರ ಎದೆಯಲ್ಲಿ ಆ ಹೃದಯವನ್ನು ಕೂರಿಸಿದವರು. ಆದರೆ ಜನರಿಗೆ ತೋರಿಸಬೇಕಾದದ್ದು ಬದುಕಿದ ಮನುಷ್ಯನನ್ನು. ಅವನನ್ನು ತೋರಿಸುವ ಅವಸರದಲ್ಲಿ ಅವನ ಬದುಕನ್ನೇ ಅಪಾಯಕ್ಕೆ ಒಡ್ಡಬಹುದು ಎನ್ನುವ ನ್ಯಾಯ ಯಾವುದು? ಬೇಡವೆಂದು ಹೇಳಬೇಕಾದ ಡಾಕ್ಟರು ಬೇಡವೆಂದಿದ್ದರು. ಆ ಒಂದು ಮಾತಿಗೆ ಬೆಲೆ ಇರಬೇಕಿತ್ತು.

ಶುಕ್ರವಾರ ಪೋರ್ಟಿಕೋದ ಬಲಗಡೆ, ಹಸಿರು ಬಲೆ ಕಟ್ಟಿದ ಆಚೆ, ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಪಾಯ ಅಗೆಯುತ್ತಿದ್ದರು. ಭಾಷಣಕ್ಕೆ ತೊಂದರೆಯಾಗದಿರಲೆಂದು ಯಂತ್ರ ನಿಲ್ಲಿಸಿದ್ದರು. ಧೂಳು ನಿಂತಿರಲಿಲ್ಲ, ಕುರ್ಚಿಗಳ ಮೇಲೆ ಬೆರಳಲ್ಲಿ ಗೆರೆ ಎಳೆಯಬಹುದಿತ್ತು. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಸ್ಥಳೀಯ ಮುಖಂಡರು ತಡಮಾಡಿದರು. ಹತ್ತು ನಿಮಿಷ ಎಂದದ್ದು ಮುಕ್ಕಾಲು ಗಂಟೆಯಾಯಿತು. ಮುಖಂಡರು ಬಂದು ಮುನಿರಾಜು ಅವರನ್ನು ಅಪ್ಪಿಕೊಂಡರು. ಒದ್ದೆ ಸುಗಂಧರಾಜದ ಹಾರ ಹಾಕಿದರು. ಮೈಸೂರು ಪೇಟ ತೊಡಿಸಿದರು. ಆ ಪೇಟ ಆಡಳಿತ ಕಚೇರಿಯ ಬೀರುವಿನದು. ಹಿಂದಿನ ವರ್ಷಗಳ ಸಮಾರಂಭಗಳಲ್ಲಿ ಯಾರು ಯಾರ ತಲೆಯ ಮೇಲೋ ನಾನು ಅದನ್ನೇ ನೋಡಿದ್ದೆ. ತೊಡಿಸುವಾಗ ಅದರ ಮಡಿಕೆಯಿಂದ ಧೂಳು ಉದುರಿ ಅವರು ಕಣ್ಣುಜ್ಜಿಕೊಂಡರು.

ಮಾಸ್ಕ್ ತೆಗೆಸಿದ್ದು ಆಗಲೇ. ರತ್ನಮ್ಮ ಬ್ಯಾಗಿನಿಂದ ಬೇರೆ ಮಾಸ್ಕ್ ತೆಗೆದುಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು. ಕಿರಣ್, "ಅಮ್ಮಾ, ಸ್ವಲ್ಪ ಸೈಡಿಗೆ ಬನ್ನಿ, ಫ್ರೇಮಲ್ಲಿ ಬರ್ತಿದೀರ" ಅಂದ. ಹೆಂಡತಿ ಸೈಡಿಗೆ ಹೋದರು. ನಿರೂಪಕಿ ಮೈಕನ್ನು ಮುನಿರಾಜು ಅವರ ಬಾಯಿಗೆ ಹಿಡಿದಳು. ಅಷ್ಟು ಹೊತ್ತು ಬೇರೆಯವರೆಲ್ಲ ಮಾತಾಡಿದ್ದು ಅದೇ ಮೈಕಿನಲ್ಲಿ.

"ನಿಮ್ಮೊಳಗೆ ಬೇರೆಯವರ ಹೃದಯ ಇದೆ. ಹೇಗನ್ನಿಸ್ತಿದೆ ಸಾರ್?"

"ಹೆಂಗನ್ಸೋದು ಮೇಡಂ, ಹೊಡ್ಕೋತಾ ಐತೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು.

ನಾನು ಕಿರಣ್ ಹತ್ತಿರ ಹೋಗಿ, "ಮಾಸ್ಕ್ ಹಾಕ್ಸಪ್ಪ" ಅಂದೆ. "ಎರಡೇ ನಿಮಿಷ ಬ್ರದರ್, ಗ್ರೂಪ್ ಫೋಟೋ ಒಂದು ಬಾಕಿ" ಅಂದ. ಸರ್ಜನ್ ಕುಳಿತಲ್ಲಿಂದಲೇ ನನಗೆ ಸುಮ್ಮನಿರುವಂತೆ ಅಂಗೈ ತೋರಿಸಿದರು. ನಾನು ರತ್ನಮ್ಮನ ಕೈಯಿಂದ ಮಾಸ್ಕ್ ತೆಗೆದುಕೊಂಡು ವೇದಿಕೆ ಹತ್ತಿ ಮುನಿರಾಜು ಅವರಿಗೆ ಕಟ್ಟಿದೆ. ಗ್ರೂಪ್ ಫೋಟೋ ಕೆಟ್ಟಿತು. ಅದಕ್ಕೆ ನನಗೆ ಬಂದ ನೋಟೀಸಿನ ವಿಷಯ ಇಲ್ಲಿ ಬೇಡ.

ಹೊರಗೆ, ಊರೆಲ್ಲ ಮಾಸ್ಕ್ ಕಿತ್ತೆಸೆದು ಸಂಭ್ರಮಿಸುತ್ತಿದ್ದ ಕಾಲ ಅದು. ಮಾಸ್ಕ್ ಹಾಕಿದವನನ್ನು ಕಂಡರೆ ಜನಕ್ಕೆ ಅಪಶಕುನದಂತೆ ಕಾಣುತ್ತಿತ್ತು. ಸಾಮಾನ್ಯ ಜನ ಹಾಗೆಂದುಕೊಂಡರೆ ಒಪ್ಪಬಹುದು. ಆಸ್ಪತ್ರೆಯ ಬಾಗಿಲಲ್ಲೇ ಹಾಗಾದರೆ?

ಮುಂದಿನ ಬಯಾಪ್ಸಿಗೆ ಮುನಿರಾಜು ಬಂದಾಗ ಎರಡು ಸಲ ಕೆಮ್ಮಿದರು. ನಾನು ಕೇಳಿದೆ, "ಕೆಮ್ಮು ಯಾವಾಗಿಂದ?"

"ಕೆಮ್ಮೇನಲ್ಲ ಬ್ರದರ್, ಗಂಟ್ಲು ಕೆರೆತ. ಇವ್ಳು ಎಲ್ಲಾನೂ ದೊಡ್ಡದು ಮಾಡ್ತಾಳೆ."

"ಜ್ವರ ದಿನಾ ನೋಡ್ತಿದೀನಿ ಬ್ರದರ್, ಒಂದಿನಾನೂ ಇಲ್ಲ" ಎಂದರು ರತ್ನಮ್ಮ.

ಹೊಸಬರು ಇದನ್ನು ನೆನಪಿಡಬೇಕು. ಇವರಿಗೆ ಜ್ವರ ಬರಲೇಬೇಕೆಂದಿಲ್ಲ. ಜ್ವರ ಬರಿಸುವ ಕಾವಲನ್ನೇ ನಾವು ಮಲಗಿಸಿರುತ್ತೇವೆ. ಶೈಲಜಾ ಮೇಡಂ ಆ ಕೂಡಲೇ ಸ್ಕ್ಯಾನ್ ಮಾಡಿಸಿದರು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ಬಿಳಿ ಗಂಟು. ಒಳಗೆ ಕೊಳವೆ ಇಳಿಸಿ ತೆಗೆದ ದ್ರವದಲ್ಲಿ ಫಂಗಸ್ ಸಿಕ್ಕಿತು. ಅಗೆದ ಮಣ್ಣಿನಲ್ಲಿ, ಹಳೆಯ ಬಟ್ಟೆಯ ಧೂಳಿನಲ್ಲಿ, ಹೂವಿನಲ್ಲಿ ಎಲ್ಲ ಕಡೆ ಇರುವಂಥದ್ದು. ನೀವು ನಾನು ದಿನವೂ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಅವರ ಸ್ಥಿತಿಯಲ್ಲಿ ಅದು ಕೊಲ್ಲುತ್ತದೆ.

ಆಮೇಲಿನ ವಾರಗಳಲ್ಲಿ ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಕೆಡುಕಾಗುತ್ತಿತ್ತು. ಫಂಗಸ್ ಔಷಧಿ ಕೊಟ್ಟರೆ ಕಾವಲು ಕುಗ್ಗಿಸುವ ಮಾತ್ರೆಯ ಮಟ್ಟ ರಕ್ತದಲ್ಲಿ ಏರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಆ ಮಾತ್ರೆ ಇಳಿಸಿದೆವು. ಇಳಿಸಿದ್ದಕ್ಕೆ ಹೃದಯದಲ್ಲಿ ತಿರಸ್ಕಾರ ಕಾಣಿಸಿತು. ತಿರಸ್ಕಾರ ತಡೆಯಲು ಕೊಡಬೇಕಾದ ಔಷಧಿ ಫಂಗಸ್ಸಿಗೆ ಊಟವಿಟ್ಟ ಹಾಗೆ. ಶೈಲಜಾ ಮೇಡಂ ಪ್ರತಿ ರಕ್ತಪರೀಕ್ಷೆಯ ಮೇಲೂ ಕೂದಲೆಳೆಯಷ್ಟು ಏರಿಸುತ್ತ ಇಳಿಸುತ್ತ ನಡೆಸಿದರು. ಔಷಧಿಯ ಪ್ರಭಾವಕ್ಕೆ ಮುನಿರಾಜು ಅವರಿಗೆ ಇಲ್ಲದ್ದೆಲ್ಲ ಕಾಣತೊಡಗಿತು.

"ಬ್ರದರ್, ಗೋಡೆ ಮೇಲೆ ನಮ್ಮ ಟ್ಯಾಂಕರ್ ಹೋಗ್ತಾ ಐತೆ. ನೀರು ಸೋರ್ತಾ ಐತೆ, ಯಾವನೂ ನೋಡ್ತಾ ಇಲ್ಲ."

"ನಲ್ಲಿ ನಿಲ್ಲಿಸಿದೀನಿ ಮುನಿರಾಜಣ್ಣ, ಮಲ್ಕೊಳ್ಳಿ."

"ಸುಳ್ಳು ಹೇಳ್ಬೇಡಿ. ಅದ್ಕೆ ನಲ್ಲಿನೇ ಇಲ್ಲ, ವಾಲ್ವ್ ಇರೋದು" ಅಂದು ಕಣ್ಣು ಮುಚ್ಚಿದರು.

ಒಂದು ಸಂಜೆ ರಕ್ತ ಕೆಮ್ಮಿದರು. ಮಾರನೆಯ ಬೆಳಿಗ್ಗೆ ಬಲ ಶ್ವಾಸಕೋಶದ ಮೇಲಿನ ಭಾಗವನ್ನು ಕತ್ತರಿಸಿ ತೆಗೆದರು. ಹೀಗೆ ಎದೆಯನ್ನು ಇನ್ನೊಮ್ಮೆ ತೆರೆಯಬೇಕಾಯಿತು. ಆಪರೇಷನ್ ನಡೆಯುವಷ್ಟು ಹೊತ್ತೂ ರತ್ನಮ್ಮ ಹೊರಗಿನ ಬೆಂಚಿನ ಮೇಲೆ, ಒಂದು ಗೋಡೆಗೆ ಎದುರಾಗಿ ಕುಳಿತಿದ್ದರು. ಆ ಗೋಡೆಯ ಮೇಲೆ ಪೇಟ ತೊಟ್ಟು ನಗುತ್ತಿರುವ ಅವರ ಗಂಡನ ಆಳೆತ್ತರದ ಫೋಟೋ ಇತ್ತು. ಕೆಳಗೆ 'ಹೊಸ ಹೃದಯ, ಹೊಸ ಉಸಿರು' ಎಂದು ಬರೆಸಿದ್ದರು. ಅದನ್ನು ತೆಗೆಸಿ ಎಂದು ನಾನು ಎರಡು ಸಲ ಕೇಳಿದೆ. ಮಾರ್ಕೆಟಿಂಗ್‌ನಿಂದ ಅಪ್ರೂವಲ್ ಬರಬೇಕು ಅಂದರು. ಬೆಂಚನ್ನೇ ಹಿಂದುಮುಂದು ಮಾಡಿ ಹಾಕಿದೆ.

ಮುನಿರಾಜು ಉಳಿದರು. ಉಳಿಸಿದವರು ಶೈಲಜಾ ಮೇಡಂ, ಶ್ವಾಸಕೋಶದ ಸರ್ಜನ್ ಮತ್ತು ರತ್ನಮ್ಮ.

ಸೋಂಕು ಹೇಗೆ ಬಂತೆಂದು ಚರ್ಚಿಸಲು ಒಂದು ಸಭೆ ಕರೆದರು. ಉಸ್ತುವಾರಿ ನರ್ಸಾಗಿ ನನ್ನನ್ನೂ ಕೂರಿಸಿದರು. ಕಿರಣ್ ಕೇಳಿದ, "ಫಂಕ್ಷನ್‌ನಿಂದಲೇ ಬಂತು ಅನ್ನೋಕೆ ಪ್ರೂಫ್ ಏನಿದೆ ಸಾರ್?"

ಮುಖ್ಯ ಸರ್ಜನ್, "ಮನೆಯಲ್ಲೂ ಆಗಿರಬಹುದು. ಅವರದ್ದು ಟ್ಯಾಂಕರ್ ಶೆಡ್ಡು, ತೇವ, ಪಾಚಿ. ಈ ಜನ ಎಷ್ಟು ಕ್ಲೀನಾಗಿ ಇಟ್ಕೋತಾರೋ" ಅಂದರು.

ಈ ಜನ. ಹೂಕುಂಡಗಳನ್ನು ಹೊರಗೆ ಸಾಗಿಸಿದ, ತೀರ್ಥವನ್ನು ವಾಪಸು ಕೊಂಡುಹೋದ ಜನ.

ಆ ಸಭೆಯಲ್ಲಿ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಫಂಗಸ್ ಪಾಯದ ಧೂಳಿನಿಂದ ಬಂತೋ, ಪೇಟದಿಂದಲೋ, ಹಾರದಿಂದಲೋ, ಗೊಟ್ಟಿಗೆರೆಯಿಂದಲೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮಾಸ್ಕ್ ಹೇಗೆ ಹೋಯಿತೆಂದು ನನಗೆ ಗೊತ್ತು. ಕಾವಲಿಲ್ಲದ ಮನುಷ್ಯನ ಮುಖದಿಂದ ಅದನ್ನು ಬಿಚ್ಚಿದ್ದು ತಪ್ಪು. ಆಮೇಲೆ ಅವರಿಗೆ ಏನೂ ಆಗದೇ ಹೋಗಿದ್ದರೂ ತಪ್ಪೇ. ಸಭೆ 'ಮೂಲ ತಿಳಿಯಲಿಲ್ಲ' ಎಂದು ಮುಗಿಯಿತು. ಇಬ್ಬರು ನನ್ನ ಬೆನ್ನು ತಟ್ಟಿ, "ಬದುಕಿದಾರಲ್ಲ ಬ್ರದರ್, ಇನ್ನೇನು?" ಅಂದರು. ಈ ಮಾತಿನಷ್ಟು ಸಿಟ್ಟು ನನಗೆ ಬೇರೆ ಯಾವುದೂ ತರಿಸಿಲ್ಲ. ಬದುಕಿದ್ದು ಮುನಿರಾಜು ಅವರ ಕೆಲಸ, ಆಸ್ಪತ್ರೆಯವರಿಗೆ ಸಿಕ್ಕ ಕ್ಷಮೆಯಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೋ ಏನೋ. ಕಸಿಯಾಗಿ ವರ್ಷ ತುಂಬುವ ಹೊತ್ತಿಗೆ ಆಸ್ಪತ್ರೆಗೆ ಮತ್ತೊಂದು ಸಮಾರಂಭ ಬೇಕಾಯಿತು. ಈ ಸಲದ ತಲೆಬರಹ 'ಎರಡು ಬಾರಿ ಸಾವನ್ನು ಗೆದ್ದವರು'. ಮುನಿರಾಜು ಫೋನ್ ತೆಗೆಯುತ್ತಿರಲಿಲ್ಲ. ಮನೆಯವರಿಗೆ ನನ್ನ ಮೇಲೆ ನಂಬಿಕೆ ಇದೆಯೆಂದು ಕಿರಣ್ ನನ್ನನ್ನು ಕಾರಿನಲ್ಲಿ ಗೊಟ್ಟಿಗೆರೆಗೆ ಕರೆದುಕೊಂಡು ಹೋದ. ಅವರನ್ನು ನೋಡಲು ಬರುತ್ತೇನೆ, ನಿನ್ನ ಪರ ಒಂದು ಮಾತೂ ಆಡುವುದಿಲ್ಲ ಎಂದು ಮೊದಲೇ ಹೇಳಿದ್ದೆ.

ರತ್ನಮ್ಮ ಗೇಟಿನಲ್ಲಿ ನಿಂತರು. ತೆರೆಯಲಿಲ್ಲ.

"ಈ ಸಲ ಇಂಡೋರ್ ಆಂಟಿ, ಎಸಿ ಹಾಲ್, ಮಾಸ್ಕ್ ಇರುತ್ತೆ" ಎಂದ ಕಿರಣ್.

"ಯಾಕೆ ಕರೀತಾ ಇದೀರಿ?"

"ಸನ್ಮಾನ ಮಾಡೋಕೆ. ಸಾರು ಇನ್ಫೆಕ್ಷನ್ ಜೊತೆ ಫೈಟ್ ಮಾಡಿ ಗೆದ್ದಿದಾರಲ್ಲ."

"ಅದನ್ನ ಕೊಟ್ಟೋರು ಯಾರಪ್ಪ?"

"ಅದು ಎಲ್ಲಿಂದ ಬಂತು ಅಂತ ಪ್ರೂಫ್ ಇಲ್ಲ ಆಂಟಿ."

"ಸರಿ ಬಿಡು. ಅವತ್ತು ನನ್ನ ಸೈಡಿಗೆ ಕಳ್ಸಿದ್ಯಲ್ಲ, ಅದಕ್ಕೆ ಪ್ರೂಫ್ ಬೇಕಾ? ಫೋಟೋದಲ್ಲೇ ಐತೆ, ನನ್ನ ಸೆರಗಿನ ತುದಿ. ಅವ್ರು ಬರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಬ್ರದರ್, ನೀವು ಕೈ ತೊಳ್ಕೊಂಡು ಒಳಗೆ ಬನ್ನಿ. ಕಾಫಿ ಕುಡ್ಕೊಂಡು ಬಸ್ಸಲ್ಲಿ ಹೋಗೋರಂತೆ" ಅಂದರು. ಕಿರಣ್ ಕಾರಿನಲ್ಲಿ ಒಬ್ಬನೇ ಹೋದ.

ಆ ಶುಕ್ರವಾರ ಪೋರ್ಟಿಕೋದಲ್ಲಿದ್ದವರಲ್ಲಿ ಮುಖ್ಯ ಸರ್ಜನ್ ಈಗಿಲ್ಲ. ಉತ್ತರ ಕೊಡಲಾರದವರ ಮೇಲೆ ಇದಕ್ಕಿಂತ ಹೆಚ್ಚು ಹೊರಿಸುವುದಿಲ್ಲ. ಆ ಮುಖಂಡರೂ ತೀರಿಕೊಂಡರು. ನನ್ನ ಮಾತು ನಂಬದಿದ್ದರೆ ಕೇಳಲು ಉಳಿದವರಿದ್ದಾರೆ. ಶೈಲಜಾ ಮೇಡಂ ಮೊದಲ ಮಹಡಿಯ ಕಿಟಕಿಯಿಂದ ನೋಡುತ್ತಿದ್ದರು. ಈಗ ಬೇರೆ ಆಸ್ಪತ್ರೆಯಲ್ಲಿದ್ದಾರೆ. ಫೋಟೋಗ್ರಾಫರ್ ಪ್ರಸಾದ್ ಬನಶಂಕರಿಯಲ್ಲಿ ಮದುವೆ ಫೋಟೋ ತೆಗೆಯುತ್ತಾನೆ. 'ಮಾಸ್ಕ್ ತೆಗೀರಿ ಅಂದದ್ದು ನಾನೇ, ತೆಗೆಯಬಾರದೆಂದು ನನಗೆ ಯಾರೂ ಹೇಳಿರಲಿಲ್ಲ' ಎಂದು ಕೇಳಿದವರಿಗೆಲ್ಲ ಹೇಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಿರಣ್ ಇದ್ದಾನೆ. ರತ್ನಮ್ಮ ಇದ್ದಾರೆ. ಮುನಿರಾಜು ಇದ್ದಾರೆ, ಅವರನ್ನೇ ಕೇಳಬಹುದು. ಹೋದಾಗ ಮಾಸ್ಕ್ ಹಾಕಿಕೊಂಡು, ಸ್ವಲ್ಪ ದೂರ ಕುಳಿತುಕೊಳ್ಳಿ. ಒಂದು ವಾಕ್ಯ ಹೇಳಿ ಉಸಿರಿಗಾಗಿ ನಿಲ್ಲುತ್ತಾರೆ. ಆಗ ಮಧ್ಯೆ ಬಾಯಿ ಹಾಕಬೇಡಿ, ಪೂರ್ತಿ ಹೇಳಲು ಬಿಡಿ.